‘ವೀ’ ಎಂಬ ಆಟದ ಪೆಟ್ಟಿಗೆ

ಹೋದ ತಿಂಗಳು ನಮ್ಮ ಸಂಘದ ಕ್ರೀಡಾಕೂಟದಲ್ಲಿ ಚಮಚ-ನಿಂಬೆಹಣ್ಣಿನ ಓಟ ಮುಗಿದು ಎಲ್ಲರೂ ಉಪ್ಪಿಟ್ಟಿನ ಸಾಲಿನಲ್ಲಿ ನಿಂತಿದ್ದಾಗ ಮಿತ್ರರೊಬ್ಬರು ನಮ್ಮನ್ನು ಕೇಳಿದರು: “ಮಕ್ಕಳು ಟೀವಿಗೆ ಹಚ್ಚಿ ಆಡುವ ಯಂತ್ರ ಬೇಕೆಂದು ಹಟ ಹಿಡಿದಿದ್ದಾರೆ. ಕೈ ಬೀಸಿ ಆಡುವಂಥವು ಇವೆಯಂತಲ್ಲ, ಅದಾದರೆ ಮೈಗೂ ಒಂದಿಷ್ಟು ವ್ಯಾಯಾಮವಾದೀತು. ನಿಮ್ಮ ಮನೆಯಲ್ಲಿ ಅಂಥದೊಂದು ಇತ್ತಲ್ಲವೆ, ಹೇಗೆ ಅದು?” ಅಷ್ಟರಲ್ಲಿ ಸಾಲು ಮುಂದೆ ಸರಿಯಿತು, ಉಪ್ಪಿಟ್ಟು ಸಿಕ್ಕಿತು, ಉತ್ತರ ಬಾಕಿ ಉಳಿಯಿತು. ಅದನ್ನು ಇಲ್ಲಿ ತೀರಿಸುತ್ತಿದ್ದೇವೆ. ಪುಸ್ತಕ, ನಾಟಕಗಳ ವಿಮರ್ಶೆ ಬರುವ ಪುಟದಲ್ಲಿ ಆಟಿಕೆಯ ವಿಚಾರವೇ ಎಂದು ಹುಬ್ಬೇರಿಸುವ ಹಿರಿಯರು ಕ್ಷಮಿಸಬೇಕು. ಯಾವ ನಾಟಕವೂ ಎಬ್ಬಿಸದಷ್ಟು ಜಗಳವನ್ನು ಈ ಆಟಿಕೆ ನಮ್ಮ ಮನೆಯಲ್ಲಿ ಎಬ್ಬಿಸಿದೆ.

ಮೊದಲು ಅದರ ಕುಲಗೋತ್ರ. ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಹೂವಿನ ಚಿತ್ರಗಳುಳ್ಳ ಇಸ್ಪೀಟು ಎಲೆಗಳನ್ನು ಮಾಡಿ ಮಾರಲು ಹುಟ್ಟಿಕೊಂಡ ಅಂಗಡಿಯೇ ಮುಂದೆ ನಿಂಟೆಂಡೊ ಎಂಬ ದೊಡ್ಡ ಸಂಸ್ಥೆಯಾಯಿತು. ಅವರು 2006ರ ನವೆಂಬರ್ 19ರಂದು ಅಮೆರಿಕದಲ್ಲಿ, ಡಿಸೆಂಬರ್ 2ರಂದು ಜಪಾನಿನಲ್ಲಿ ಮಾರಾಟಕ್ಕಿಟ್ಟ ಪೆಟ್ಟಿಗೆಯೇ ‘ವೀ’. ಅಮೆರಿಕದ ಬೆಲೆ 250 ಡಾಲರಿಗೆ ಒಂದೇ ಸೆಂಟು ಕಡಿಮೆ. ಅದೇ ತಿಂಗಳು ಸೋನಿಯವರು ತಂದ ಪ್ಲೇಸ್ಟೇಶನ್ 3ಕ್ಕೆ ಅಲ್ಲಿ 499 ಮತ್ತು 599 ಡಾಲರುಗಳಿದ್ದವು. ಸೋನಿಯವರೂ ಮೈಕ್ರೋಸಾಫ್ಟಿನವರೂ ಯಾರ ಚಿತ್ರ ಹೆಚ್ಚು ಸ್ಪಷ್ಟ ಎಂದು ಜಿದ್ದಿಗೆ ಬಿದ್ದಿದ್ದರು. ನಿಂಟೆಂಡೊದವರು ಆ ಜಿದ್ದಿಗೇ ಇಳಿಯಲಿಲ್ಲ. ಇವರ ಚಿತ್ರ ಹಳೆಯ ಕಾಲದ 480 ಗೆರೆಗಳಲ್ಲೇ ನಿಂತಿತು. ಹೊಸತನವೆಲ್ಲ ಕೈಯಲ್ಲಿ ಹಿಡಿಯುವ ರಿಮೋಟಿಗೆ ಹೋಯಿತು. ಹಿಂದೆ ಅದೇ ಸಂಸ್ಥೆಯಲ್ಲಿದ್ದ ಗುನ್ಪೇ ಯೋಕೋಯಿ ಎಂಬ ತಂತ್ರಜ್ಞರ ಒಂದು ಸೂತ್ರವಿತ್ತು: ಹಳತಾಗಿ ಅಗ್ಗವಾದ, ಎಲ್ಲರೂ ಬಲ್ಲ ತಂತ್ರವನ್ನೇ ಯಾರೂ ಎಣಿಸದ ಕೆಲಸಕ್ಕೆ ಹಚ್ಚಬೇಕು ಎಂದು. ಯೋಕೋಯಿ 1997ರಲ್ಲೇ ತೀರಿಕೊಂಡರು. ಆದರೆ ಕಾರು ಡಿಕ್ಕಿಯಾದಾಗ ಗಾಳಿಚೀಲ ಬಿಚ್ಚಿಸಲು ವರ್ಷಗಳಿಂದ ಬಳಕೆಯಲ್ಲಿದ್ದ ಜಾತಿಯ ಚೂರನ್ನು ಮಕ್ಕಳ ಆಟಕ್ಕೆ ತಂದದ್ದು ಅವರ ಮಾತನ್ನು ನಡೆಸಿಕೊಟ್ಟಂತೆಯೇ ಆಯಿತು. ಹತ್ತು ಕೋಟಿಗೂ ಮೇಲ್ಪಟ್ಟು ಪೆಟ್ಟಿಗೆಗಳು ಮಾರಾಟವಾದವು.

ಹೆಸರಿನ ಮಾತು. ಇಂಗ್ಲಿಷಿನಲ್ಲಿ ‘ವೀ’ ಎಂದರೆ ‘ನಾವು’. ಹಾಗೆಯೇ ಉಚ್ಚರಿಸಬೇಕೆಂದೂ, ಕಾಗುಣಿತದಲ್ಲಿರುವ ಎರಡು ‘ಐ’ಗಳು ಅಕ್ಕಪಕ್ಕ ನಿಂತ ಆಟಗಾರರೆಂದೂ ಸಂಸ್ಥೆಯವರು ಸಾರಿದರು. ಆಗ ಇದನ್ನು ನೋಡಿ ನಕ್ಕವರೇ ಹೆಚ್ಚು. ಕೇಂದ್ರ ಸರಕಾರದ ಕಡತಗಳಲ್ಲಿ ‘ನಾನು’ ಎಂದು ಬರೆಯುವ ಅಭ್ಯಾಸವೇ ತಪ್ಪಿಹೋಗಿರುವ ನಮಗೆ ಮಾತ್ರ ಹೆಸರು ಹಿಡಿಸಿತು.

ನಮ್ಮ ಮನೆಗೆ ಅದು ಬಂದದ್ದು 2014ರಲ್ಲಿ, ಹೊಸದಾಗಿ ಅಲ್ಲ. ಅಷ್ಟರಲ್ಲಿ ಅದರ ಕಾಲ ಮುಗಿದಿತ್ತು. ನಮ್ಮಾಕೆಯ ಅಣ್ಣ ನ್ಯೂಜೆರ್ಸಿಯಿಂದ ರಜೆಗೆ ಬರುವಾಗ, ತಮ್ಮ ಮಕ್ಕಳು ಆಡಿ ಬೇಸತ್ತು ಮೂಲೆಗೆಸೆದದ್ದನ್ನು ಸೀರೆಗಳ ನಡುವೆ ಸುತ್ತಿ ತಂದರು. ಆಂಟಾಪ್ ಹಿಲ್ಲಿನ ಕ್ವಾರ್ಟರ್ಸಿನ ನಮ್ಮ ಕೋಣೆಯಲ್ಲಿ ಮಂಚವನ್ನು ಗೋಡೆಗೆ ಒತ್ತಿ, ಎಲ್ಲರೂ ನೋಡುತ್ತಿರಲು, ಬಿ.ಎಸ್ಸಿ. ಪದವೀಧರರಾದ ನಾವೇ ಪ್ಲಗ್ ಹಾಕಿದೆವು. ಫಟ್ ಎಂದಿತು. ಅಮೆರಿಕದ ಅಡಾಪ್ಟರು 120 ವೋಲ್ಟಿನದು, ನಮ್ಮ ಗೋಡೆಯಲ್ಲಿ 230. ಹೈಸ್ಕೂಲಿನ ಹುಡುಗನೂ ಮಾಡದ ಈ ತಪ್ಪನ್ನು ನಮ್ಮಾಕೆ ಇಂದಿಗೂ ಮರೆತಿಲ್ಲ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹುಡುಕಿ ಬೇರೆ ಅಡಾಪ್ಟರು ತಂದದ್ದು ಮರುವಾರ. ವಿದೇಶದಿಂದ ಬರುವ ಯಾವ ಯಂತ್ರಕ್ಕಾದರೂ ಮೊದಲು ಅಡಾಪ್ಟರಿನ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿರಿ.

ಆಗ ಮಗಳಿಗೆ ಹನ್ನೊಂದು, ಮಗನಿಗೆ ಎಂಟು. ಅಪ್ಪ ತೀರಿಕೊಂಡ ಮೇಲೆ ಅವ್ವ ಗದಗಿನ ಕಡೆಯ ಹಳ್ಳಿಯನ್ನು ಬಿಟ್ಟು ನಮ್ಮಲ್ಲಿಗೆ ಬಂದು ಏಳೆಂಟು ತಿಂಗಳಾಗಿತ್ತಷ್ಟೆ. ಅವ್ವನಿಗೆ ಹಿಂದಿ ಬಾರದು, ಮರಾಠಿ ಬಾರದು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು. ಆಡಲು ಬಾಯಿ ಏಳುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಮೂವರೂ ಇದ್ದು ದಿನಕ್ಕೆ ಇಪ್ಪತ್ತು ಮಾತಾದರೆ ಹೆಚ್ಚು: ಊಟ ಆತೇನ, ಆಯ್ತು ಅಜ್ಜಿ. ಈ ಪತ್ರಿಕೆ ಓದುವ ಮನೆಗಳಲ್ಲಿ ಇಂಥ ಮೌನ ಗೊತ್ತಿಲ್ಲದ್ದೇನಲ್ಲ.

ಪೆಟ್ಟಿಗೆಯೊಡನೆ ಬಂದ ತಟ್ಟೆಯ ಹೆಸರು ‘ವೀ ಸ್ಪೋರ್ಟ್ಸ್’. ಅದರಲ್ಲಿ ಐದು ಆಟ: ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ಆಡುವ ಮುನ್ನ ನಮ್ಮ ನಮ್ಮ ರೂಪದ ಬೊಂಬೆಯೊಂದನ್ನು ಮಾಡಿಕೊಳ್ಳಬೇಕು. ಅದಕ್ಕೆ ‘ಮೀ’ ಎನ್ನುತ್ತಾರೆ. ಮುಖದ ಆಕಾರ, ಹುಬ್ಬು, ಮೂಗು, ಕನ್ನಡಕ ಎಲ್ಲವನ್ನೂ ಆರಿಸಿಕೊಳ್ಳಬಹುದು. ಮಗಳು ಅಜ್ಜಿಯನ್ನು ಮಾಡಲು ಕುಳಿತಳು. ಸೀರೆ ಇಲ್ಲ; ಎಲ್ಲರಿಗೂ ಒಂದೇ ಅಂಗಿ, ಬಣ್ಣ ಮಾತ್ರ ಬೇರೆ. ಬೊಟ್ಟೂ ಇಲ್ಲ. ಆದರೆ ಕೆನ್ನೆಗೆ ಇಡಲೆಂದು ಒಂದು ಕಪ್ಪು ಮಚ್ಚೆ ಇದೆ. ಅದನ್ನು ಹಿಗ್ಗಿಸಬಹುದು, ಬೇಕಾದಲ್ಲಿಗೆ ಸರಿಸಬಹುದು. ಮಗಳು ಅದನ್ನು ದೊಡ್ಡದು ಮಾಡಿ ಎರಡು ಹುಬ್ಬಿನ ನಡುವೆ ಕೂರಿಸಿದಳು. ಅವ್ವ ಟೀವಿಯ ಹತ್ತಿರ ಹೋಗಿ ನೋಡಿ, “ನಾನಽ ಇದ್ದಂಗ ಅದ” ಎಂದಳು. ಜಪಾನಿನ ಕುಶಲಿಗಳು ಎಣಿಸಿರಲಾರದ ಈ ಉಪಯೋಗಕ್ಕಾಗಿ ಆ ಮಚ್ಚೆಯನ್ನು ಇಟ್ಟವರಿಗೆ ನಾವು ಕೃತಜ್ಞರು.

ಐದು ಆಟಗಳಲ್ಲಿ ಬೌಲಿಂಗೇ ಶ್ರೇಷ್ಠವೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಉದ್ದನೆಯ ಹಲಗೆಯ ಹಾದಿ, ತುದಿಯಲ್ಲಿ ಹತ್ತು ಗೂಟ. ಚೆಂಡು ಉರುಳಿಸಿ ಕೆಡವಬೇಕು. ರಿಮೋಟಿನ ಕೆಳಗಿನ ಗುಂಡಿ ಒತ್ತಿ ಹಿಡಿದು, ಕೈಯನ್ನು ಹಿಂದಕ್ಕೆ ಒಯ್ದು, ಮುಂದಕ್ಕೆ ಬೀಸುವಾಗ ಗುಂಡಿ ಬಿಡಬೇಕು. ಇಷ್ಟೇ ನಿಯಮ. ತೆರೆಯ ಮೇಲಿನ ಇಂಗ್ಲಿಷು ಓದಬಾರದವರೂ ಎರಡೇ ಸಲಕ್ಕೆ ಕಲಿಯುತ್ತಾರೆ. ಅವ್ವ ಮೊದಲ ಸಲ ಕೈ ಹಿಂದಿದ್ದಾಗಲೇ ಗುಂಡಿ ಬಿಟ್ಟಳು. ಚೆಂಡು ಹಿಂದಕ್ಕೆ ಹಾರಿ, ಹಿಂದೆ ನಿಂತಿದ್ದ ಬೊಂಬೆಗಳೆಲ್ಲ ಬೆಚ್ಚಿ ನೆಗೆದವು. ಮಕ್ಕಳು ಬಿದ್ದು ಬಿದ್ದು ನಕ್ಕರು, ಅವ್ವನೂ ನಕ್ಕಳು. ಯಂತ್ರವೊಂದು ಆಟಗಾರರ ತಪ್ಪಿಗೂ ಒಂದು ತಮಾಷೆಯನ್ನು ಮೊದಲೇ ಯೋಚಿಸಿಟ್ಟಿರುವುದು ಸಣ್ಣ ಮಾತಲ್ಲ. ತಪ್ಪಿದರೆ ಬಯ್ಯುವ ಯಂತ್ರಗಳೊಡನೆ ಕಚೇರಿಯಲ್ಲಿ ದಿನವಿಡೀ ಏಗುವ ನಮಗೆ ಇದರ ಬೆಲೆ ತಿಳಿಯುತ್ತದೆ.

ಬೌಲಿಂಗಿನಲ್ಲಿ ಇನ್ನೊಂದು ಗುಣವಿದೆ. ಒಬ್ಬರು ಎಸೆಯುವಾಗ ಉಳಿದವರು ಕಾಯಬೇಕು, ಕಾಯುವಾಗ ಮಾತಾಡಲೇಬೇಕು. ಅವ್ವ ಬೀಸುತ್ತಿದ್ದದ್ದು ಹೆಗಲಿಂದ, ಇಡೀ ತೋಳು. ಹೀಗೆಲ್ಲಿ ಕಲಿತೆ ಎಂದು ಮಗಳು ಕೇಳಿದಳು. ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಮಂಚಿಗೆಯ ಮೇಲೆ ನಿಂತು ಕವಣಿ ಬೀಸಿ ಹಕ್ಕಿ ಓಡಿಸುತ್ತಿದ್ದ ಕಥೆ ಹೊರಬಂದಿತು. ಮಂಚಿಗೆ ಎಂದರೇನು, ಕವಣಿ ಎಂದರೇನು, ಕಲ್ಲು ಹಕ್ಕಿಗೆ ತಾಗುತ್ತಿತ್ತೇ: ಪ್ರಶ್ನೆ ಮುಗಿಯಲಿಲ್ಲ. ಹತ್ತೂ ಗೂಟ ಒಮ್ಮೆಲೇ ಬಿದ್ದರೆ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು ಬರುತ್ತಿತ್ತು. ಅವ್ವ ಮಾತ್ರ “ಕಣ ಸ್ವಚ್ಛ” ಎನ್ನುತ್ತಿದ್ದಳು. ವಾರದೊಳಗೆ ಮಕ್ಕಳೂ “ಕಣ ಸ್ವಚ್ಛ” ಎಂದು ಕೂಗತೊಡಗಿದರು. ಕೆಳಗಿನ ಮನೆಯ ಮರಾಠಿ ಹುಡುಗನೂ ಅದನ್ನೇ ಕಲಿತ. ಸಂಘದ ಕನ್ನಡ ತರಗತಿಗೆ ಮಕ್ಕಳನ್ನು ಎರಡು ವರ್ಷ ಎಳೆದೊಯ್ದು ಗಳಿಸಲಾರದ್ದನ್ನು ಭಾನುವಾರದ ಬೌಲಿಂಗು ಗಳಿಸಿಕೊಟ್ಟಿತು ಎಂದರೆ ತರಗತಿ ನಡೆಸುವ ಗೆಳೆಯರು ಬೇಸರಪಡಬಾರದು.

ಟೆನಿಸಿನ ಸಂಗತಿ ಬೇರೆ. ಅಲ್ಲಿ ಬೊಂಬೆ ತಾನೇ ಓಡುತ್ತದೆ, ನಾವು ಬೀಸುವುದಷ್ಟೆ. ಓಡುವ ಕಷ್ಟ ಯಂತ್ರದ್ದು, ಹೊಡೆಯುವ ಸುಖ ನಮ್ಮದು. “ಇದರಾಗ ಓಡೂದು ಇಲ್ಲೇನ?” ಎಂದು ಅವ್ವ ಕೇಳಿದಳು, ಟೆನಿಸನ್ನು ಎಂದೂ ಕಂಡಿರದವಳು. ಆಟದ ಪ್ರಾಣವೆಲ್ಲ ಕಾಲಿನಲ್ಲಿರುವಾಗ ಕಾಲನ್ನೇ ತೆಗೆದುಬಿಟ್ಟರೆ ಉಳಿದದ್ದು ಸಮಯ ನೋಡಿ ಕೈಯಾಡಿಸುವ ಚಾಲಾಕು ಮಾತ್ರ. ಇನ್ನೊಂದು ವಿಚಿತ್ರವನ್ನು ಗಮನಿಸಿರಿ. ಟೆನಿಸ್ ಅಂಗಳದ ಬೊಂಬೆಗಳಿಗೆ ಅಂಗೈ ಉಂಟು, ತೋಳಿಲ್ಲ. ಅಂಗೈ ಗಾಳಿಯಲ್ಲಿ ತೇಲುತ್ತದೆ. ಇದನ್ನು ಚಿತ್ರಗಾರರ ಉಳಿತಾಯವೆಂದು ಬಹಳ ದಿನ ಎಣಿಸಿದ್ದೆವು. ಯಂತ್ರದ ಗುಟ್ಟೇ ಅದರಲ್ಲಿದೆ ಎಂದು ಈಗ ಅನಿಸುತ್ತದೆ. ಬೇಸ್‌ಬಾಲಿನಲ್ಲಿ ಎಸೆಯುವುದೂ ಹೊಡೆಯುವುದೂ ಮಾತ್ರ ನಮ್ಮ ಪಾಲಿಗೆ, ಚೆಂಡು ಹಿಡಿಯುವುದು ಇಲ್ಲ. ಗಾಲ್ಫು ನಮಗೆ ಹಿಡಿಸಲಿಲ್ಲ. ಬಾಕ್ಸಿಂಗಿನಲ್ಲಿ ನಾವು ಕೊಟ್ಟ ಗುದ್ದಿಗೂ ಬೊಂಬೆ ಕೊಟ್ಟ ಗುದ್ದಿಗೂ ಸಂಬಂಧ ಕಾಣದೆ, ಬೆವರು ಮಾತ್ರ ಸುರಿಯಿತು.

ಗುಟ್ಟು ಎಂದೆವಲ್ಲ, ಅದನ್ನು ಹೇಳುತ್ತೇವೆ. ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರ ಕಚೇರಿಯಲ್ಲಿ ಒಂದು ದಿನವೂ ಉಪಯೋಗಕ್ಕೆ ಬಂದದ್ದಿಲ್ಲ, ಇಲ್ಲಿ ಬಂದಿತು. ರಿಮೋಟಿನೊಳಗೆ ಕಿರುಬೆರಳ ಉಗುರಿಗಿಂತ ಚಿಕ್ಕದಾದ ಸಿಲಿಕಾನ್ ಚೂರಿದೆ. ಅದರಲ್ಲಿ ಸೂಕ್ಷ್ಮವಾದ ಸ್ಪ್ರಿಂಗುಗಳಿಗೆ ತೂಗುಬಿಟ್ಟ ಒಂದು ಅಣುಮಾತ್ರ ಭಾರ. ಲೋಕಲ್ ಗಾಡಿ ತಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದಿಲ್ಲವೆ, ಹಾಗೆ ರಿಮೋಟನ್ನು ಬೀಸಿದಾಗ ಆ ಭಾರ ಹಿಂದುಳಿಯುತ್ತದೆ. ಎಷ್ಟು ಹಿಂದುಳಿಯಿತು ಎಂಬುದನ್ನು ವಿದ್ಯುತ್ತಿನ ಲೆಕ್ಕದಲ್ಲಿ ಅಳೆದು ವೇಗೋತ್ಕರ್ಷವನ್ನು ಕಂಡುಕೊಳ್ಳುತ್ತಾರೆ. ಮೂರು ದಿಕ್ಕಿನಲ್ಲಿ, ಗುರುತ್ವದ ಮೂರು ಪಟ್ಟಿನಷ್ಟರವರೆಗೆ. ರಿಮೋಟು ಸುಮ್ಮನಿದ್ದಾಗ ಗುರುತ್ವವೊಂದೇ ಜಗ್ಗುವುದರಿಂದ ಅದು ಯಾವ ಕಡೆಗೆ ಓರೆಯಾಗಿದೆ ಎಂಬುದೂ ತಿಳಿಯುತ್ತದೆ. ಆದರೆ ವೇಗೋತ್ಕರ್ಷ ತಿಳಿದ ಮಾತ್ರಕ್ಕೆ ಕೈ ಎಲ್ಲಿದೆ ಎಂದು ತಿಳಿಯುವುದಿಲ್ಲ. ಎರಡು ಸಲ ಅನುಕಲನ ಮಾಡಬೇಕು; ಸಣ್ಣ ತಪ್ಪು ಒಮ್ಮೆಗೇ ಬೆಟ್ಟವಾಗುತ್ತದೆ. ಹೀಗಾಗಿ ಹೆಗಲಿಂದ ಬೀಸಿದ ತೋಳೂ, ಕುಳಿತಲ್ಲೇ ಚಿಮ್ಮಿದ ಮುಂಗೈಯೂ ಆ ಚೂರಿಗೆ ಹೆಚ್ಚುಕಡಿಮೆ ಒಂದೇ. ತೋಳನ್ನು ಯಂತ್ರ ಕಂಡೇ ಇಲ್ಲ. ಕಾಣದ್ದನ್ನು ಬೊಂಬೆಗೂ ಬರೆದಿಲ್ಲ.

ಟೀವಿಯ ಮೇಲೆ ಇಡುವ ಪಟ್ಟಿಗೆ ‘ಸೆನ್ಸರ್ ಬಾರ್’ ಎಂಬ ದೊಡ್ಡ ಹೆಸರು. ಅದು ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಯಲ್ಲಿ ಅವಕೆಂಪು ಬೆಳಕಿನ ಪುಟ್ಟ ದೀಪಗಳಿವೆ, ಅಷ್ಟೆ. ನೋಡುವ ಕಣ್ಣು ರಿಮೋಟಿನ ಮೂತಿಯಲ್ಲಿದೆ. ನಮ್ಮ ಪಟ್ಟಿಯ ತಂತಿಯನ್ನು ಇಲಿ ಕಡಿದಾಗ, ಟೀವಿಯ ಮುಂದೆ ಎರಡು ಹಣತೆ ಹಚ್ಚಿಟ್ಟು ನೋಡಿದೆವು. ತೆರೆಯ ಮೇಲೆ ಗುರಿ ತೋರುವ ಕೈಗುರುತು ಉರಿಯೊಡನೆ ತಾನೂ ನಡುಗುತ್ತ ಬಂದಿತು. ಅಂದು ಅವ್ವ ಟೀವಿಗೆ ಕೈಮುಗಿದದ್ದನ್ನು ಮಕ್ಕಳು ಇನ್ನೂ ಹೇಳಿ ನಗುತ್ತಾರೆ.

ಯಂತ್ರದ ಈ ಕುರುಡನ್ನು ನಾವು ಪುಸ್ತಕದ ಬಲದಿಂದ ಅರಿತರೆ ಮಗ ಹದಿನೈದೇ ದಿನದಲ್ಲಿ ಅನುಭವದಿಂದ ಅರಿತ. ಮಂಚದ ಮೇಲೆ ಒರಗಿ, ಒಂದು ಕೈಯಲ್ಲಿ ಚಿಪ್ಸಿನ ಪೊಟ್ಟಣ ಹಿಡಿದು, ಇನ್ನೊಂದರ ಮಣಿಕಟ್ಟನ್ನು ಚಿಟುಕಿಸಿ ಮೇಲಿಂದ ಮೇಲೆ ಗೂಟ ಕೆಡವತೊಡಗಿದ. ಅವ್ವನ ಅತಿ ಹೆಚ್ಚಿನ ಅಂಕ 172. ಅವನದು ಇನ್ನೂರು ದಾಟಿತು. ಅವ್ವ ಸೋತದ್ದಕ್ಕೆ ಬೇಸರಿಸಲಿಲ್ಲ, ಎರಡು ಭಾನುವಾರ ಸುಮ್ಮನೆ ನೋಡಿದಳು. ಮೂರನೆಯ ಭಾನುವಾರ ಕೇಳಿದಳು: “ಕುಂತು ಒಗದ್ರ ಹಕ್ಕಿ ಹಾರತಾವೇನೋ?” ಮಗ ತೆರೆಯಿಂದ ಕಣ್ಣು ತೆಗೆಯದೆ, “ಉಸ್‌ಕೋ ಪತಾ ನಹೀ ಚಲ್‌ತಾ, ಅಜ್ಜಿ” ಎಂದ. “ಅಂವ ಏನಂದ?” ಎಂದು ಅವ್ವ ನಮ್ಮನ್ನು ನೋಡಿದಳು. ಮೊಮ್ಮಗನ ಮಾತನ್ನು ಅಜ್ಜಿಗೆ ಕನ್ನಡಿಸುವ ಗುಮಾಸ್ತಿಕೆ ನಮ್ಮದು. ಹೇಳಿದೆವು, ಯಂತ್ರಕ್ಕೆ ಗೊತ್ತಾಗುವುದಿಲ್ಲ ಅಂತಾನೆ ಎಂದು. ಅವ್ವ ರಿಮೋಟನ್ನು ಮೇಜಿನ ಮೇಲಿಟ್ಟು, “ನಾ ಒಲ್ಲೆ, ನೀವಽ ಆಡ್ಕೋರಿ” ಎಂದು ಅಡಿಗೆಮನೆಗೆ ಹೋದಳು. ಹತ್ತಿಪ್ಪತ್ತು ದಿನ ಆ ಕಡೆ ಬರಲಿಲ್ಲ. ಮನೆಯಲ್ಲಿ ಮತ್ತೆ ಊಟ ಆತೇನ, ಆಯ್ತು ಅಜ್ಜಿ.

ಈ ಘಟನೆಯಲ್ಲಿ ತಪ್ಪು ಯಾರದು ಎಂದು ಬಹಳ ಯೋಚಿಸಿದ್ದೇವೆ. ಹುಡುಗನದು ಎನ್ನಲು ಮನಸ್ಸಿಲ್ಲ. ಕಡಿಮೆ ಶ್ರಮದಲ್ಲಿ ಹೆಚ್ಚು ಅಂಕ ಗಳಿಸುವುದನ್ನೇ ಅವನಿಗೆ ಶಾಲೆಯೂ ನಾವೂ ಕಲಿಸಿದ್ದು. ತಯಾರಕರನ್ನು ನಾವು ಪೂರ್ತಿ ಬಿಡಲಾರೆವು. ಜಾಹೀರಾತುಗಳಲ್ಲಿ ಇಡೀ ಕುಟುಂಬ ಎದ್ದುನಿಂತು ತೋಳು ಬೀಸುತ್ತದೆ. ಯಂತ್ರ ಅಂಥ ತೋಳಿಗೆ ಯಾವ ಮರ್ಯಾದೆಯನ್ನೂ ಇಟ್ಟಿಲ್ಲ. ನಾಟಕದಲ್ಲಿ ಕತ್ತಿ ರಟ್ಟಿನದಾದರೂ ನಟ ಉಕ್ಕಿನದೆಂದೇ ಎತ್ತುತ್ತಾನೆ. ನೋಡುವವರೂ ಹಾಗೆಯೇ ಒಪ್ಪುತ್ತಾರೆ. ‘ವೀ’ ಬೇಡುವುದು ಇದೇ ಬಗೆಯ ಒಪ್ಪಂದವನ್ನು. ಆದರೆ ಅಂಕ ಕೊಡುವ ಕೆಲಸವನ್ನೂ ತಾನೇ ವಹಿಸಿಕೊಂಡು, ರಟ್ಟಿನ ಕತ್ತಿಯನ್ನು ಸೋಮಾರಿಯಾಗಿ ಆಡಿಸಿದವನಿಗೇ ಬಹುಮಾನ ಕೊಡುತ್ತದೆ. ಇದು ಅದರ ಮುಖ್ಯ ದೋಷ. ಚಿತ್ರ ಮಸುಕು, ಆಟ ಕೆಲವೇ ಎಂದು ಪತ್ರಿಕೆಗಳಲ್ಲಿ ಬಂದ ದೂರುಗಳೆಲ್ಲ ಇದರ ಮುಂದೆ ಚಿಲ್ಲರೆ.

ಸಂಸ್ಥೆಯವರಿಗೂ ಇದರ ಅರಿವಿತ್ತೆಂದು ಕಾಣುತ್ತದೆ. 2009ರಲ್ಲಿ ‘ಮೋಶನ್ ಪ್ಲಸ್’ ಎಂಬ ತುಂಡನ್ನು ರಿಮೋಟಿನ ಬುಡಕ್ಕೆ ಸಿಕ್ಕಿಸಿಕೊಳ್ಳಲು ಕೊಟ್ಟರು. ಅದರಲ್ಲಿ ತಿರುಗುವ ವೇಗವನ್ನು ಅಳೆಯುವ ಗೈರೋಸ್ಕೋಪಿದೆ. ಮಣಿಕಟ್ಟು ಹೇಗೆ ತಿರುಗಿತೆಂಬುದು ಹೆಚ್ಚು ಚೆನ್ನಾಗಿ ತಿಳಿಯುತ್ತದೆ. ಅದಕ್ಕೆಂದೇ ಮಾಡಿದ ‘ವೀ ಸ್ಪೋರ್ಟ್ಸ್ ರಿಸಾರ್ಟ್’ನಲ್ಲಿ ಕತ್ತಿವರಸೆ, ಬಿಲ್ಲುವಿದ್ಯೆ ನಿಜಕ್ಕೂ ಸೊಗಸು. ಮರುವರ್ಷ ಮೈಕ್ರೋಸಾಫ್ಟಿನವರು ರಿಮೋಟನ್ನೇ ತೆಗೆದುಹಾಕಿ ಇಡೀ ಮೈಯನ್ನು ಕ್ಯಾಮರಾದಿಂದ ನೋಡುವ ‘ಕಿನೆಕ್ಟ್’ ತಂದರು. ಅದರ ಮುಂದೆ ಆರೆಂಟು ಅಡಿ ಜಾಗ ಬೇಕಂತೆ. ಕ್ವಾರ್ಟರ್ಸಿನಲ್ಲಿ ಅಷ್ಟು ಜಾಗವಿದ್ದರೆ ನಾವು ಇನ್ನೊಂದು ಮಂಚ ಹಾಕುತ್ತಿದ್ದೆವು.

ವ್ಯಾಯಾಮದ ಪ್ರಶ್ನೆಗೆ ಬರೋಣ, ಮಿತ್ರರು ಕೇಳಿದ್ದು ಅದನ್ನೇ ತಾನೆ. 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಸಣ್ಣ ಅಧ್ಯಯನ ಹದಿಮೂರರಿಂದ ಹದಿನೈದರ ವಯಸ್ಸಿನ ಮಕ್ಕಳನ್ನು ಅಳೆದು ನೋಡಿತು. ಕುಳಿತು ಆಡುವ ಆಟಕ್ಕಿಂತ ಇದರಲ್ಲಿ ಹೆಚ್ಚು ಶಕ್ತಿ ಖರ್ಚಾಗುತ್ತದೆ, ನಿಜವಾದ ಮೈದಾನದ ಆಟದಷ್ಟಲ್ಲ ಎಂಬುದು ಅದರ ಸಾರ. ಅದೇ ವರ್ಷ ಅಮೆರಿಕದ ದೊಡ್ಡ ವೈದ್ಯಪತ್ರಿಕೆಯೊಂದಕ್ಕೆ ವೈದ್ಯರೊಬ್ಬರು ಪತ್ರ ಬರೆದು, ಹೊತ್ತು ಗೊತ್ತಿಲ್ಲದೆ ಈ ಟೆನಿಸ್ ಆಡಿದ್ದರಿಂದ ಭುಜ ನೋಯುವುದಕ್ಕೆ ‘ವೀ’ ಎಂದೇ ಸೇರಿಸಿ ಒಂದು ರೋಗದ ಹೆಸರು ಕಟ್ಟಿದರು. ಇನ್ನೊಂದು ಅಪಾಯ ಟೀವಿಗೆ. ಕೈತಪ್ಪಿ ರಿಮೋಟು ಹಾರಿ ಗಾಜು ಒಡೆದ ಪ್ರಕರಣಗಳು ಆರಂಭದಲ್ಲೇ ಬಂದವು. 2006ರ ಡಿಸೆಂಬರಿನಲ್ಲಿಯೇ ಸಂಸ್ಥೆಯವರು ಸುಮಾರು 32 ಲಕ್ಷ ಮಣಿಕಟ್ಟಿನ ದಾರಗಳನ್ನು ಬದಲಿಸಿಕೊಡಲು ಮುಂದಾದರು. ಮೈಯ ವಯಸ್ಸನ್ನು ಹೇಳುವ ಪರೀಕ್ಷೆಯೂ ಒಂದಿದೆ. ಮೂವತ್ತೇಳರ ನಮಗೆ ಅದು ಎಪ್ಪತ್ತೆರಡು ಎಂದಿತು. ಇದನ್ನು ವಿಜ್ಞಾನವೆಂದು ನಾವು ಒಪ್ಪುವುದಿಲ್ಲ.

ಅಡಿಗೆಮನೆ ಸೇರಿದ ಅವ್ವ ಮತ್ತೆ ಹೇಗೆ ಬಂದಳು? ಮಗಳು ಕರೆತಂದಳು. ಒಂದು ಸಂಜೆ ತಮ್ಮನಿಗೂ ಅವಳಿಗೂ ಮಾತು ಬೆಳೆದು, “ಅಜ್ಜಿನ್ನ ಕೇಳು, ಯಾರು ಖರೇ ಆಟ ಆಡ್ತಾರ ಅಂತ” ಎಂದು ಕೂಗಿದಳು. ಶುದ್ಧ ಗದಗಿನ ಮಾತು, ಅವಳ ಬಾಯಿಂದ ನಾವು ಕೇಳಿದ ಮೊದಲನೆಯದು. ಅವ್ವ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು. ಆಡುವವರು ಎದ್ದು ನಿಲ್ಲಬೇಕು. ತೋಳು ಕಿವಿಯ ಮಟ್ಟಕ್ಕೆ ಬರಬೇಕು. ಇಲ್ಲದಿದ್ದರೆ ಬಿದ್ದ ಗೂಟ ಬಿದ್ದಂತಲ್ಲ. ಯಂತ್ರ ಕೊಟ್ಟ ಅಂಕ ಬೇರೆ, ಅಜ್ಜಿ ಕೊಟ್ಟ ಅಂಕ ಬೇರೆ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದಿಡಲು ಮಗಳನ್ನು ನೇಮಿಸಲಾಯಿತು. ಮಗ ನಾಲ್ಕು ದಿನ ಮುನಿದು, ಐದನೆಯ ದಿನ ಎದ್ದು ನಿಂತ. ಬೀಸುವಾಗ ಅವನ ಕೈ ಟ್ಯೂಬ್‌ಲೈಟಿಗೆ ತಾಗಿ ಒಡೆಯಿತು. ಅವ್ವ ಅದನ್ನೂ ಕ್ಯಾಲೆಂಡರಿನಲ್ಲಿ ಬರೆಸಿದಳು.

ಅವ್ವ 2018ರಲ್ಲಿ ಗದಗಿಗೆ, ಅಣ್ಣನ ಮನೆಗೆ ಹಿಂದಿರುಗಿದಳು. ಪೆಟ್ಟಿಗೆ ಅಟ್ಟ ಸೇರಿತು. ಮಿತ್ರರು ಕೇಳಿದ ಮೇಲೆ ಮೊನ್ನೆ ಕೆಳಗಿಳಿಸಿದೆವು. ಒಂದು ರಿಮೋಟಿನಲ್ಲಿ ಸೆಲ್ಲು ಒಸರಿ ತಂತಿಗೆ ಹಸಿರು ಹಿಡಿದಿದೆ. ಎತ್ತಿಡುವಾಗ ಸೆಲ್ಲು ತೆಗೆದಿಡಬೇಕಿತ್ತು. ಹೊಸ ಟೀವಿಗೆ ಹಳದಿ-ಕೆಂಪು-ಬಿಳಿ ತಂತಿಯ ತೂತುಗಳಿಲ್ಲದೆ, ನಡುವೆ ಸೇರಿಸಲು ಒಂದು ಚಿಕ್ಕ ಡಬ್ಬಿ ಕೊಳ್ಳಬೇಕಾಯಿತು. ಆಟಗಳನ್ನು ತಂತಿಯ ಮೂಲಕ ಕೊಳ್ಳುವ ಇದರ ಅಂಗಡಿ 2019ರಲ್ಲೇ ಮುಚ್ಚಿದೆ. ಕೈಲಿರುವ ತಟ್ಟೆಯೇ ಗತಿ. ಮಗ ಈಗ ಕಾಲೇಜು ಹುಡುಗ. ಅವನೇ ಬೇಸ್‌ಬಾಲ್ ಹಚ್ಚಿದ. ಪೆಟ್ಟಿಗೆಯಲ್ಲಿರುವ ಬೊಂಬೆಗಳನ್ನೆಲ್ಲ ಕಲೆಹಾಕಿ ಯಂತ್ರವೇ ತಂಡ ಕಟ್ಟುತ್ತದೆ. ಹುಬ್ಬಿನ ನಡುವೆ ಬೊಟ್ಟಿಟ್ಟ ಆಟಗಾರ್ತಿ ಮೈದಾನಕ್ಕಿಳಿದಳು. ಅವನು ಆಟ ನಿಲ್ಲಿಸಿ ಫೋನಿನಲ್ಲಿ ಚಿತ್ರ ತೆಗೆದು ಗದಗಿಗೆ ಕಳಿಸಿದ. ಹಿಂದೆಯೇ ಕರೆ ಬಂದಿತು. ಅರ್ಧ ಗಂಟೆ ಮಾತಾಡಿದ, ಕನ್ನಡದಲ್ಲಿ, ತಪ್ಪು ತಪ್ಪಾಗಿ.

ಮಿತ್ರರಿಗೆ ನಮ್ಮ ಸಲಹೆ ಇದು. 2017ರಲ್ಲಿ ಬಂದ ‘ಸ್ವಿಚ್’ಗೆ 2022ರಲ್ಲಿ ಅದೇ ಬಗೆಯ ಆಟಗಳ ಹೊಸ ಕಂತು ಬಂದಿದೆ, ಬೌಲಿಂಗೂ ಅದರಲ್ಲಿದೆ, ಗೈರೋಸ್ಕೋಪು ರಿಮೋಟಿನೊಳಗೇ ಇರುವುದರಿಂದ ಕೈಯ ಲೆಕ್ಕ ಹೆಚ್ಚು ನ್ಯಾಯವಾಗಿದೆ. ಬೆಲೆ ಮಾತ್ರ ನಮ್ಮಂಥವರ ತಿಂಗಳ ಲೆಕ್ಕವನ್ನು ಅಲುಗಾಡಿಸುತ್ತದೆ. ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಆಡುವುದಾದರೆ ಹಳೆಯದೂ ಬೇಡ, ಹೊಸದೂ ಬೇಡ. ಊರಿಂದ ಬಂದ ಹಿರಿಯರು ಮನೆಯಲ್ಲಿದ್ದರೆ ಧಾರಾಳವಾಗಿ ತನ್ನಿರಿ, ತೀರ್ಪನ್ನು ಅವರಿಗೆ ಬಿಡಿರಿ. ಹಣ ಹಾಕುವ ಮುನ್ನ ಆಡಿ ನೋಡಬೇಕೆನ್ನುವವರು ಯಾವ ಭಾನುವಾರವಾದರೂ ನಾಲ್ಕು ಗಂಟೆಯ ಮೇಲೆ ನಮ್ಮ ಮನೆಗೆ ಬರಬಹುದು. ಒಂದು ರಿಮೋಟು ಸರಿಯಾಗಿದೆ, ಚಹಾ ಸಿಗುತ್ತದೆ. ಕುಳಿತು ಆಡುವಂತಿಲ್ಲ.